ಹತ್ತು ಸಿಗರೇಟು ಮೂರಾಯಿತು, ಜೊತೆಗೊಂದು ವೇಪ್ ಬಂತು

‘ಮೊದಲು ದಿನಕ್ಕೆ ಒಂದು ಪ್ಯಾಕ್ ಮುಗೀತಿತ್ತು ಡಾಕ್ಟ್ರೇ. ಈಗ ಮೂರೇ ಮೂರು. ಉಳಿದಿದ್ದೆಲ್ಲ ವೇಪ್.’

ಬೆಂಗಳೂರಿನಲ್ಲಿ ಶ್ವಾಸಕೋಶದ ತೊಂದರೆ ಇರುವವರನ್ನು ನೋಡುವ ನನಗೆ ಈ ಮಾತು ಈಗ ಆಗಾಗ ಕೇಳಿಸುತ್ತದೆ. ವೇಪ್ ಎಂದರೆ ಇ-ಸಿಗರೇಟು, ಚಟ ಹಿಡಿಸುವ ನಿಕೋಟಿನ್ ಇರುವ ದ್ರವವನ್ನು ಬಿಸಿಮಾಡಿ ಆವಿ ಎಳೆಯುವ ಸಾಧನ. ಹೇಳುವವರ ಮುಖದಲ್ಲಿ ಒಂದು ಸಮಾಧಾನ ಇರುತ್ತದೆ. ಅವರು ಕಷ್ಟಪಟ್ಟಿದ್ದಾರೆ ಎನ್ನುವುದರಲ್ಲಿ ಅನುಮಾನವಿಲ್ಲ. ಹತ್ತರಿಂದ ಮೂರಕ್ಕೆ ಇಳಿಸುವುದು ಸುಲಭದ ಕೆಲಸವಲ್ಲ. ಆದರೆ ‘ಮುಕ್ಕಾಲು ಭಾಗ ಬಿಟ್ಟಾಯ್ತು, ಅಪಾಯವೂ ಅಷ್ಟೇ ಕಡಿಮೆಯಾಯ್ತು’ ಎಂದು ಅವರು ಅಂದುಕೊಂಡಿರುತ್ತಾರಲ್ಲ, ಅದು ಹಾಗಲ್ಲ. ಕನಿಷ್ಠ ಹೃದಯದ ವಿಷಯದಲ್ಲಂತೂ ಅಲ್ಲವೇ ಅಲ್ಲ.

2018ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. 141 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಒಂದು ಸೇದುವವರಿಗೂ ಅದರ ಅರ್ಧದ ಹತ್ತಿರ ಏರುತ್ತದೆ ಎಂದು ಅದರಲ್ಲಿ ಕಂಡುಬಂತು. ಸೇದದ ಗಂಡಸಿಗೆ ಹೋಲಿಸಿದರೆ ದಿನಕ್ಕೊಂದು ಸೇದುವವನಿಗೆ ಹೃದ್ರೋಗದ ಅಪಾಯ ಶೇ. 48ರಷ್ಟು ಜಾಸ್ತಿ. ಹೆಂಗಸರಲ್ಲಿ ಶೇ. 57. ಇಪ್ಪತ್ತರಲ್ಲಿ ಒಂದು ಸೇದಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲು ಇರಬೇಕಿತ್ತು, ಅಲ್ವಾ? ನಮ್ಮ ರಕ್ತನಾಳಗಳು ಹಾಗೆ ನಡೆದುಕೊಳ್ಳುವುದಿಲ್ಲ. ಸ್ವಲ್ಪವೇ ಹೊಗೆ ಸಾಕು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟಂಟಾಗುತ್ತವೆ, ನಾಳದ ಒಳಪದರ ಕೆರಳುತ್ತದೆ. ಆ ಮೊದಲ ಸ್ವಲ್ಪಕ್ಕೇ ಹಾನಿಯ ದೊಡ್ಡ ಪಾಲು ಆಗಿಹೋಗಿರುತ್ತದೆ.

ಶ್ವಾಸಕೋಶದ ಕ್ಯಾನ್ಸರ್ ಬೇರೆ ತರಹ. ಅಲ್ಲಿ ಸಿಗರೇಟು ಕಡಿಮೆಯಾದರೆ ಅಪಾಯವೂ ಕಡಿಮೆಯಾಗುತ್ತದೆ, ನಿಜ. ಆದರೆ ದಿನಕ್ಕೆ ಎಷ್ಟು ಎನ್ನುವುದಕ್ಕಿಂತ ಎಷ್ಟು ವರ್ಷ ಎನ್ನುವುದು ಅಲ್ಲಿ ಹೆಚ್ಚು ಮುಖ್ಯ. ‘ಬರೀ ಮೂರು’ ಎಂಬ ಸಮಾಧಾನದಲ್ಲಿ ಹತ್ತು ವರ್ಷ ಕಳೆದುಹೋದರೆ ಆ ಹತ್ತೂ ವರ್ಷ ಲೆಕ್ಕಕ್ಕೆ ಸೇರುತ್ತವೆ.

ಇನ್ನು ಆ ಮೂರನ್ನು ಹೇಗೆ ಸೇದುತ್ತಾರೆ? ಸಂಖ್ಯೆ ಕಡಿಮೆ ಮಾಡಿದವರು ಸಾಮಾನ್ಯವಾಗಿ ಒಂದೊಂದನ್ನೂ ಆಳವಾಗಿ ಎಳೆಯುತ್ತಾರೆ, ಹೊಗೆಯನ್ನು ಒಳಗೆ ಹೆಚ್ಚು ಹೊತ್ತು ಹಿಡಿಯುತ್ತಾರೆ, ಫಿಲ್ಟರ್ ಅಂಚಿನವರೆಗೂ ಬಿಡುವುದಿಲ್ಲ. ಬೇಕೆಂದು ಮಾಡುವುದಲ್ಲ. ಮೆದುಳು ತನಗೆ ಬೇಕಾದಷ್ಟು ನಿಕೋಟಿನ್ ಕೇಳಿ ಪಡೆಯುತ್ತದೆ. ಇದನ್ನು ನೋಡಲು ನಮ್ಮ ಹತ್ತಿರ ಒಂದು ಸಣ್ಣ ಯಂತ್ರ ಇದೆ. ಅದರೊಳಗೆ ಊದಿದರೆ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ತೋರಿಸುತ್ತದೆ. ಈ ಅನಿಲ ಬರುವುದು ಉರಿಯುವುದರಿಂದ. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ, ದ್ರವ ಬಿಸಿಯಾಗಿ ಆವಿಯಾಗುತ್ತದೆ ಅಷ್ಟೆ. ಹಾಗಾಗಿ ಬರೀ ವೇಪ್ ಎಳೆಯುವವರ ಉಸಿರಿನಲ್ಲಿ ಇದು ಸೇದದವರಷ್ಟೇ ಇರುತ್ತದೆ. ಮೂರು ಸಿಗರೇಟು ಉಳಿಸಿಕೊಂಡವರದ್ದು ಅಷ್ಟಕ್ಕೆ ಇಳಿಯುವುದು ಕಷ್ಟ. ರಕ್ತದಿಂದ ಈ ಅನಿಲ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸೇದಿದರೆ ಒಂದರದ್ದು ಪೂರ್ತಿ ಹೋಗುವ ಮೊದಲೇ ಇನ್ನೊಂದರದ್ದು ಬಂದು ಸೇರುತ್ತದೆ.

ಬ್ರಿಟನ್ನಿನ ಸಂಶೋಧಕರು 2017ರಲ್ಲಿ 181 ಜನರ ಮೂತ್ರ, ಜೊಲ್ಲು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಸಿಗರೇಟು ಪೂರ್ತಿ ಬಿಟ್ಟು ಬಹಳ ಕಾಲ ವೇಪ್ ಒಂದನ್ನೇ ಬಳಸಿದವರಲ್ಲಿ ಕ್ಯಾನ್ಸರ್ ತರುವ ವಸ್ತುಗಳು ಬಹಳ ಕಡಿಮೆ ಇದ್ದವು. ಎರಡನ್ನೂ ಬಳಸುವವರಲ್ಲಿ ಮಾತ್ರ ಹೆಚ್ಚುಕಡಿಮೆ ಬರೀ ಸಿಗರೇಟು ಸೇದುವವರಷ್ಟೇ ಇದ್ದವು. ಈ ಅಧ್ಯಯನದ ಮೊದಲ ಅರ್ಧವನ್ನಷ್ಟೇ ಹಿಡಿದು ವಾದಿಸುವವರು ಬಹಳ ಜನ. ಎರಡನೆಯ ಅರ್ಧ ಅವರ ಬಗ್ಗೆಯೇ ಇದೆ.

‘ಲಂಡನ್ನಿನಲ್ಲಿ ಅಣ್ಣ ಇದ್ದಾನೆ, ಅಲ್ಲಿ ಸರ್ಕಾರವೇ ವೇಪ್ ಕೊಡುತ್ತಂತೆ’ ಎಂದು ಕೇಳುವವರೂ ಇದ್ದಾರೆ. ಕೊಡುತ್ತಾರೆ, ನಿಜ. 2023ರಲ್ಲಿ ಇಂಗ್ಲೆಂಡ್ ಅಂಥ ಯೋಜನೆ ಪ್ರಕಟಿಸಿತು. ಅಲ್ಲಿಯ ಒಂದು ಒಳ್ಳೆಯ ಪ್ರಯೋಗದಲ್ಲಿ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಳಸಿದವರಿಗಿಂತ ವೇಪ್ ಬಳಸಿದವರೇ ಹೆಚ್ಚು ಜನ ಸಿಗರೇಟು ಬಿಟ್ಟರು. ವರ್ಷದ ಕೊನೆಗೆ ಶೇ. 9.9 ಎದುರು ಶೇ. 18. ನಾನು ಇದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿಯ ಸಲಹೆ ‘ಸಿಗರೇಟಿನ ಬದಲು ವೇಪ್’ ಎಂದು. ಸಿಗರೇಟಿನ ಜೊತೆಗೆ ವೇಪ್ ಎಂದಲ್ಲ. ಅಲ್ಲಿ ದ್ರವದ ನಿಕೋಟಿನ್‌ಗೆ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂಬ ಮಿತಿ ಇದೆ. ಒಳಗೇನಿದೆ ಎಂದು ಸರ್ಕಾರಕ್ಕೆ ಲೆಕ್ಕ ಕೊಡಬೇಕು.

ನಮ್ಮಲ್ಲಿ ಪರಿಸ್ಥಿತಿಯೇ ಬೇರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೂ ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂದು ನನ್ನ ರೋಗಿಗಳಿಗೆ ಚೆನ್ನಾಗಿ ಗೊತ್ತು. ಹಾಗೆ ಕದ್ದುಮುಚ್ಚಿ ಬರುವ ಮಾಲಿನ ಮೇಲೆ ಬರೆದಿರುವುದನ್ನು ನಂಬುವುದು ಹೇಗೆ? ಅಮೆರಿಕದಲ್ಲಿ 2019–20ರಲ್ಲಿ ವೇಪ್‌ನಿಂದ ಶ್ವಾಸಕೋಶ ಹಾಳಾಗಿ 68 ಜನ ಸತ್ತರು. ಬಹುಪಾಲು ಪ್ರಕರಣಗಳಲ್ಲಿ ಗಾಂಜಾದ ಅಂಶವಿದ್ದ, ಅಂಗಡಿಯ ಹೊರಗೆ ಸಿಕ್ಕ ಮಾಲು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಕಾರಣವಾಗಿತ್ತು. ಹಾಗಾಗಿ ನಾನು ಯಾರಿಗೂ ವೇಪ್ ಹಿಡಿಯಿರಿ ಎಂದು ಹೇಳುವುದಿಲ್ಲ.

ನನಗೆ ಇನ್ನೂ ಹೆಚ್ಚು ಚಿಂತೆ ಹುಟ್ಟಿಸುವುದು ಚಟ ಆಳವಾಗುವ ರೀತಿ. ಸಿಗರೇಟಿಗೆ ಎದ್ದು ಹೊರಗೆ ಹೋಗಬೇಕು, ಕಾಂಡಿಮೆಂಟ್ಸ್ ಅಂಗಡಿವರೆಗೆ ನಡೆಯಬೇಕು, ವಾಸನೆ ಮುಚ್ಚಬೇಕು. ವೇಪ್‌ಗೆ ಅದ್ಯಾವುದೂ ಬೇಡ. ಆಫೀಸಿನ ಟಾಯ್ಲೆಟ್ಟಿನಲ್ಲಿ, ಕ್ಯಾಬಿನಲ್ಲಿ, ಹಾಸಿಗೆಯಲ್ಲಿ ಎಳೆಯಬಹುದು. ಮೊದಲು ಎರಡು ಗಂಟೆ ನಿಕೋಟಿನ್ ಇಲ್ಲದೆ ಕೂರುತ್ತಿದ್ದವರಿಗೆ ಈಗ ಇಪ್ಪತ್ತು ನಿಮಿಷವೂ ಆಗುವುದಿಲ್ಲ. ಈಗಿನ ವೇಪ್‌ಗಳಲ್ಲಿ ನಿಕೋಟಿನ್ ಸಾಲ್ಟ್ ಇರುತ್ತದೆ. ಆಮ್ಲ ಬೆರೆಸಿರುವುದರಿಂದ ಗಂಟಲು ಉರಿಯುವುದಿಲ್ಲ, ಎಷ್ಟು ಒಳಗೆ ಹೋಯಿತು ಎಂದು ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ‘ರಾತ್ರಿ ಎಚ್ಚರವಾದಾಗ ಎಳೀತೀರಾ?’ ಎಂದು ಕೇಳುತ್ತೇನೆ. ಹೌದು ಎನ್ನುವವರಿಗೆ ಸಿಗರೇಟು ಮೂರಕ್ಕಿಳಿದಿದ್ದರೂ ನಿಕೋಟಿನ್ ಹಿಡಿತ ಮೊದಲಿಗಿಂತ ಬಿಗಿಯಾಗಿರುತ್ತದೆ.

ಹಾಗಾದರೆ ಮೊದಲು ಯಾವುದನ್ನು ಬಿಡಬೇಕು? ಎರಡನ್ನೂ ಒಂದೇ ದಿನ ಬಿಡಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗುವುದೇ ಇಲ್ಲ ಎನ್ನುವವರಿಗೆ ಮೊದಲು ಸಿಗರೇಟು ಹೋಗಲಿ ಎನ್ನುತ್ತೇನೆ. ಮನೆಯವರಿಗೆ ಹೆದರಿ ವೇಪ್ ಎಸೆದು ಮತ್ತೆ ಹತ್ತು ಸಿಗರೇಟಿಗೆ ಮರಳಿದವರನ್ನು ನೋಡಿದ್ದೇನೆ. ಅದು ದೊಡ್ಡ ನಷ್ಟ. ಉರಿಯುವುದು ಮೊದಲು ನಿಲ್ಲಬೇಕು. ಇದು ಕೈಯಲ್ಲಿ ಈಗಾಗಲೇ ಎರಡೂ ಇರುವವರಿಗೆ ಹೇಳುವ ಮಾತು. ಸಿಗರೇಟನ್ನೇ ಮುಟ್ಟದ ಕಾಲೇಜು ಹುಡುಗ, ಹುಡುಗಿಯರಿಗೆ ಇದು ಅನುಮತಿ ಅಲ್ಲ.

ಆ ಮೂರನ್ನು ಎರಡು, ಒಂದು ಎಂದು ಇಳಿಸುತ್ತಾ ಹೋಗಬೇಡಿ. ಒಂದು ದಿನ ಗೊತ್ತುಮಾಡಿ ಒಮ್ಮೆಲೇ ನಿಲ್ಲಿಸಿ. ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಒಮ್ಮೆಲೇ ಬಿಟ್ಟವರಲ್ಲಿ ಶೇ. 49 ಜನ ನಾಲ್ಕು ವಾರದ ನಂತರವೂ ಸೇದಿರಲಿಲ್ಲ. ನಿಧಾನವಾಗಿ ಇಳಿಸಿದವರಲ್ಲಿ ಶೇ. 39. ಉಳಿದಿರುವ ಮೂರು ಯಾವುವು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಹೆಚ್ಚಿನವರಿಗೆ ಎದ್ದ ತಕ್ಷಣದ್ದು, ಊಟವಾದ ಮೇಲಿನದ್ದು, ಸಂಜೆ ಗೆಳೆಯರ ಜೊತೆ ಕಾಫಿಯೊಂದಿಗಿನದ್ದು. ಬಿಡಲು ಅತಿ ಕಷ್ಟವಾದವೇ ಕೊನೆಗೆ ಉಳಿದಿರುತ್ತವೆ. ಆ ಹೊತ್ತುಗಳಿಗೇ ನಿಕೋಟಿನ್ ಗಮ್ ಇಟ್ಟುಕೊಳ್ಳಿ. ಎದ್ದ ಅರ್ಧ ಗಂಟೆಯೊಳಗೆ ಸೇದುವ ಅಭ್ಯಾಸ ಇದ್ದರೆ ಚಟ ಗಟ್ಟಿಯಾಗಿದೆ ಎಂದರ್ಥ. 4 ಮಿಲಿಗ್ರಾಂ ಗಮ್, ಪ್ಯಾಚ್, ಸೇದುವ ಆಸೆ ತಗ್ಗಿಸುವ ವರೆನಿಕ್ಲಿನ್ ಮಾತ್ರೆ, ಇವುಗಳಲ್ಲಿ ಯಾವುದು ಬೇಕು ಎಂದು ಡಾಕ್ಟರ ಹತ್ತಿರ ಕೇಳಿ. ಗರ್ಭಿಣಿಯರು ಕೇಳದೆ ಯಾವುದನ್ನೂ ಶುರು ಮಾಡಬಾರದು.

ಗಮ್ ಕೆಲಸ ಮಾಡಲಿಲ್ಲ ಎನ್ನುವ ಬಹಳ ಜನ ಅದನ್ನು ಬಬಲ್ ಗಮ್ ತರಹ ಅಗಿದಿರುತ್ತಾರೆ. ಆಗ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನಕ್ಕೆ ನಾಲ್ಕಾರು ಸಲ ಅಗಿಯಿರಿ. ಬಾಯಿ ಚುರುಚುರು ಎಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಡಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಕಾಫಿ ಕುಡಿದು ಹದಿನೈದು ನಿಮಿಷ ಆಗುವವರೆಗೆ ಗಮ್ ಬೇಡ, ಬಾಯಲ್ಲಿ ಹುಳಿ ಅಂಶ ಇದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ.

ಕಾಫಿಯದ್ದೇ ಇನ್ನೊಂದು ವಿಷಯ. ಸಿಗರೇಟಿನ ಹೊಗೆಯಲ್ಲಿರುವ ಟಾರ್ ನಮ್ಮ ಲಿವರ್ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಹೊಗೆ ನಿಂತರೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ದೇಹಕ್ಕೆ ಜಾಸ್ತಿಯಾಗುತ್ತದೆ. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಕಿರಿಕಿರಿ. ಇದೆಲ್ಲ ಸಿಗರೇಟು ಬಿಟ್ಟಿದ್ದರಿಂದಲೇ ಎಂದುಕೊಂಡು ಮತ್ತೆ ಹಚ್ಚಿದವರಿದ್ದಾರೆ. ಮೊದಲ ವಾರ ಕಾಫಿ ಅರ್ಧ ಮಾಡಿ. ದಮ್ಮಿಗೆ ಥಿಯೋಫಿಲಿನ್ ಇರುವ ಮಾತ್ರೆ, ಮನೋರೋಗಕ್ಕೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ತೆಗೆದುಕೊಳ್ಳುವವರು ಬಿಡುವ ದಿನವನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಅವುಗಳ ಡೋಸ್ ಕಡಿಮೆ ಮಾಡಬೇಕಾಗಬಹುದು.

ಸಿಗರೇಟು ನಿಂತು ಕೆಲವು ವಾರ ಗಟ್ಟಿಯಾದ ಮೇಲೆ ವೇಪ್‌ಗೂ ದಿನ ಗೊತ್ತುಮಾಡಿ. ಮೊದಲು ಮಲಗುವ ಕೋಣೆಯಿಂದ ಹೊರಗಿಡಿ, ಆಮೇಲೆ ಆಫೀಸಿಗೆ ಒಯ್ಯುವುದು ನಿಲ್ಲಿಸಿ, ಆ ಹೊತ್ತಿಗೂ ಗಮ್ ಬಳಸಿ. ಒಂಟಿಯಾಗಿ ಮಾಡಬೇಕಾಗಿಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡಬಹುದು. ಫೋನ್ ಮಾಡಿದಾಗ ಸಿಗರೇಟಿನ ಜೊತೆ ವೇಪ್ ಕೂಡ ಇದೆ ಎಂದು ತಪ್ಪದೆ ಹೇಳಿ. ಎರಡರ ಲೆಕ್ಕವೂ ಗೊತ್ತಾದರೆ ಮಾತ್ರ ನಿಮಗೆ ಎಷ್ಟು ಗಮ್ ಬೇಕು, ಎಷ್ಟು ದಿನ ಬೇಕು ಎಂದು ಸರಿಯಾಗಿ ಹೇಳಲು ಆಗುತ್ತದೆ.