ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ಉಳಿಯಲ್ಲ

"ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ ಸಾರ್, ಆದ್ರೂ ಎರಡೇ ವರ್ಷಕ್ಕೆ ಬ್ಯಾಟರಿ ಹೋಯ್ತು." ಬೆಂಗಳೂರಿನಲ್ಲಿ ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾಡುವ ಯಾರನ್ನೇ ಕೇಳಿ, ಈ ಮಾತು ಅವರಿಗೆ ಬಾಯಿಪಾಠ ಆಗಿರುತ್ತದೆ. ನನಗಂತೂ ಕೇಳಿ ಕೇಳಿ ಸಾಕಾಗಿದೆ. ಬೇಜಾರೇನೆಂದರೆ, ಹೀಗೆ ಹೇಳುವವರು ಕಾರನ್ನು ಎಲ್ಲೋ ಬಿಸಾಕಿ ಮರೆತವರಲ್ಲ. ಕವರ್ ಹೊದಿಸಿ, ದಿನಾ ಒರೆಸಿ, ಅಕ್ಕರೆಯಿಂದ ನೋಡಿಕೊಳ್ಳುವವರೇ ಜಾಸ್ತಿ.

ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಅಂತ ಕೇಳಿದರೆ ನಾನು ಮೂರರಿಂದ ಐದು ವರ್ಷ ಅನ್ನುತ್ತೇನೆ. ರಾಯಚೂರು, ಕಲಬುರಗಿ ಕಡೆ ಆದರೆ ಎರಡೂವರೆ, ಮೂರು. ಅಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಇನ್ನೂ ಜಾಸ್ತಿ. ಬಿಸಿಗೆ ಒಳಗಿನ ನೀರು ಆರುತ್ತದೆ, ಪಾಸಿಟಿವ್ ಪ್ಲೇಟಿನ ಸೀಸದ ಜಾಲರಿ ಸವೆಯುತ್ತದೆ. ಸರಾಸರಿ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಸುಬಿನ ಅಂದಾಜು. ಆ ಲೆಕ್ಕದಲ್ಲಿ ಬೆಂಗಳೂರು, ಮೈಸೂರಿನ ಹವೆಗೆ ಬ್ಯಾಟರಿ ಆರಾಮಾಗಿ ನಾಲ್ಕೈದು ವರ್ಷ ಬರಬೇಕು. ಎಷ್ಟೋ ಜನರಿಗೆ ಬರುತ್ತಿಲ್ಲ. ಕಾರಣ, ಇಲ್ಲಿನ ಕಾರುಗಳಲ್ಲಿ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ಚಾರ್ಜ್ ಆಗುವುದೇ ಇಲ್ಲ.

ಈಗ ಆ ಐದು ನಿಮಿಷದ ಲೆಕ್ಕಕ್ಕೆ ಬರೋಣ. ಸ್ವಲ್ಪ ತಾಳ್ಮೆಯಿಂದ ಓದಿ. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರು ಕೂಡ 150ರಿಂದ 200 ಆಂಪಿಯರ್ ಎಳೆಯುತ್ತದೆ. ಕೇಳಿದರೆ ಭಯ ಆಗುತ್ತೆ, ಆದರೆ ಅದು ಒಂದೆರಡು ಸೆಕೆಂಡಿನ ಮಾತು. ಒಟ್ಟು ಖರ್ಚು 0.1 ಆಂಪಿಯರ್ ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್) ಸುತ್ತಮುತ್ತ. ಅಷ್ಟನ್ನು ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ, ಒಂದು ನಿಮಿಷದಲ್ಲಿ ವಾಪಸ್ ತುಂಬಬಲ್ಲದು. ಹಾಗಾಗಿ ಸ್ಟಾರ್ಟ್ ಮಾಡಿದ್ದರಿಂದ ಬ್ಯಾಟರಿ ಇಳಿಯಿತು ಅನ್ನುವುದು ಸರಿಯಲ್ಲ. ನಿಜವಾದ ಖರ್ಚು ಇರುವುದು ಕಾರು ಸುಮ್ನೆ ನಿಂತಾಗ. ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರ, ಇಂಜಿನ್ ಕಂಪ್ಯೂಟರ್, ಹೊಸ ಕಾರಿನಲ್ಲಿ ಸಿಮ್ ಇರುವ ಟ್ರ್ಯಾಕರ್, ಇವೆಲ್ಲ ರಾತ್ರಿ ಹಗಲು ಚೂರು ಚೂರು ಕರೆಂಟ್ ತಿನ್ನುತ್ತಲೇ ಇರುತ್ತವೆ. ಏನೂ ತೊಂದರೆ ಇಲ್ಲದ ಕಾರಿನಲ್ಲೂ 30ರಿಂದ 50 ಮಿಲಿಆಂಪ್ ಇರುತ್ತದೆ. 40 ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು ಒಂದು ಆಂಪಿಯರ್ ಅವರ್ ಆಯಿತು. ನಿಮ್ಮ ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್. ಹತ್ತು ದಿನ ನಿಂತರೆ ಕಾಲು ಭಾಗಕ್ಕಿಂತ ಜಾಸ್ತಿ ಖಾಲಿ.

ವಾರಕ್ಕೊಮ್ಮೆ ಐದು ನಿಮಿಷ ಐಡಲ್‌ನಲ್ಲಿ ಓಡಿಸಿದರೆ ಏನು ಸಿಗುತ್ತದೆ? ಎಲ್ಲ ಸರಿ ಇದ್ದು, ಬ್ಯಾಟರಿಗೆ 15 ಆಂಪ್ ಹೋಯಿತು ಅಂತಲೇ ಇಟ್ಟುಕೊಂಡರೂ ಒಂದೂಕಾಲು ಆಂಪಿಯರ್ ಅವರ್. ಹೋಗಿದ್ದು ಏಳು, ಬಂದಿದ್ದು ಒಂದು ಚಿಲ್ಲರೆ. ಅದರ ಮಧ್ಯೆ ಎಸಿ ಹಾಕಿ ಕೂತರೆ, ಹೆಡ್‌ಲೈಟ್ ಹಾಕಿ ನೋಡಿದರೆ, ಆ ಒಂದು ಚಿಲ್ಲರೆಯೂ ಸಿಗುವುದು ಅನುಮಾನ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಇನ್ನು ಡೋರ್ ತೆಗೆದ ಕೂಡಲೇ ಕಾರಿನ ಕಂಪ್ಯೂಟರ್‌ಗಳೆಲ್ಲ ಎದ್ದು ಕೂರುತ್ತವೆ, ಲಾಕ್ ಮಾಡಿದ ಮೇಲೂ ಕೆಲವು ಕಾರುಗಳಲ್ಲಿ ಅವು ಮಲಗುವುದಕ್ಕೆ ಅರ್ಧ ಗಂಟೆ ಬೇಕು.

ದಿನಾ ಐದು ನಿಮಿಷ ಮಾಡಿದರೆ? ಆಗ ಬ್ಯಾಟರಿ ಪೂರ್ತಿ ಇಳಿಯುವುದಿಲ್ಲ, ಪೂರ್ತಿ ಏರುವುದೂ ಇಲ್ಲ. ಮಧ್ಯದಲ್ಲೇ ನೇತಾಡುತ್ತದೆ. ಹೀಗೆ ನೇತಾಡುವುದೇ ಅದಕ್ಕೆ ವಿಷ. ಚಾರ್ಜ್ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಪೂರ್ತಿ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಬೆಲ್ಲದ ಪಾಕ ಆರಿ ಗಟ್ಟಿಯಾದ ಹಾಗೆ ಹರಳುಗಟ್ಟಿ ಕೂರುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೂ ವಾಪಸ್ ಬರುವುದಿಲ್ಲ. 35ರ ಬ್ಯಾಟರಿ ಒಳಗೊಳಗೇ 20ರದ್ದಾಗಿರುತ್ತದೆ. ಕೊನೆಯ ಐದನೇ ಒಂದು ಭಾಗ ತುಂಬುವುದಕ್ಕೇ ಗಂಟೆಗಟ್ಟಲೆ ಬೇಕು, ಅದು ಐದು ನಿಮಿಷದಲ್ಲಿ ಆಗುವ ಕೆಲಸವೇ ಅಲ್ಲ.

ಇದರ ಜೊತೆಗೆ ಮೀಟರ್ ಇಟ್ಟುಕೊಂಡವರದ್ದು ಇನ್ನೊಂದು ಸಮಸ್ಯೆ. ಇಂಜಿನ್ ಆಫ್ ಮಾಡಿ ತಕ್ಷಣ ಅಳೆದು "12.8 ವೋಲ್ಟ್ ಇದೆ, ಫುಲ್" ಅನ್ನುತ್ತಾರೆ. ಅದು ಮೇಲುಮೇಲಿನ ಚಾರ್ಜ್. ರಾತ್ರಿ ಬಿಟ್ಟು ಬೆಳಿಗ್ಗೆ ಡೋರ್ ತೆಗೆಯುವ ಮುಂಚೆ ಅಳೆಯಬೇಕು, ಬಾನೆಟ್ ಹಿಂದಿನ ದಿನವೇ ತೆಗೆದಿಟ್ಟಿದ್ದರೆ ಒಳ್ಳೆಯದು. ಮಾಮೂಲಿ ಬ್ಯಾಟರಿಯಲ್ಲಿ 12.6 ಇದ್ದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ. ಬ್ಯಾಟರಿ ಮೇಲಿನ ಹಸಿರು ಕಣ್ಣನ್ನು ನಂಬಬೇಡಿ, ಅದು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ.

ಜಯನಗರದ ಒಬ್ಬ ನಿವೃತ್ತ ಮೇಷ್ಟ್ರು ಇದಕ್ಕೆ ಒಳ್ಳೆಯ ಉದಾಹರಣೆ. ಮಗ ಅಮೆರಿಕದಲ್ಲಿ, ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಬೆಳಿಗ್ಗೆ ಕಾಫಿ ಕುಡಿದು ಕೆಳಗೆ ಬರುತ್ತಾರೆ, ಗಾಜು ಒರೆಸುತ್ತಾರೆ, ಸ್ಟಾರ್ಟ್ ಮಾಡಿ ವಾಚ್ ನೋಡಿಕೊಂಡು ಐದು ನಿಮಿಷ ನಿಲ್ಲುತ್ತಾರೆ, ಆಫ್ ಮಾಡಿ ಮೇಲೆ ಹೋಗುತ್ತಾರೆ. ಎರಡೆರಡು ವರ್ಷಕ್ಕೆ ಬ್ಯಾಟರಿ ಬದಲಾಯಿಸುತ್ತಿದ್ದರು. ನಾನು ಮೇಲಿನ ಲೆಕ್ಕವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ಗಣಿತದ ಮೇಷ್ಟ್ರು, ಚೀಟಿ ನೋಡಿದ ಕೂಡಲೇ ಒಪ್ಪಿಕೊಂಡರು. ದಿನಾ ಸ್ಟಾರ್ಟ್ ಮಾಡೋದು ಬಿಡಿ, ಭಾನುವಾರ ಅಮ್ಮನವರನ್ನ ಕೂರಿಸಿಕೊಂಡು ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿವರೆಗೆ ಹೋಗಿ ತಿಂಡಿ ತಿಂದು ಬನ್ನಿ ಅಂದೆ. ಹೋಗಿಬರುವಷ್ಟರಲ್ಲಿ ಎರಡು ಗಂಟೆ ಚಾರ್ಜ್ ಸಿಗುತ್ತದೆ. ಈಗ ದಂಪತಿಗೆ ಅದು ಅಭ್ಯಾಸವೇ ಆಗಿಬಿಟ್ಟಿದೆ. ಬ್ಯಾಟರಿ ಇನ್ನೂ ಚೆನ್ನಾಗಿದೆ. ಬೇಸ್‌ಮೆಂಟಿನಲ್ಲಿ ಹೊಗೆ ಕುಡಿಯುವುದೂ ತಪ್ಪಿತು, ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿಕೊಂಡು ನಿಲ್ಲುವುದು ಪ್ರಾಣಕ್ಕೇ ಅಪಾಯ.

ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಲು ಆಗದವರು ಒಂದು ಒಳ್ಳೆಯ ಆಟೋಮ್ಯಾಟಿಕ್ ಚಾರ್ಜರ್ ತಗೊಳ್ಳಿ. 35ರ ಬ್ಯಾಟರಿಗೆ ಮೂರು, ಮೂರೂವರೆ ಆಂಪ್ ಸಾಕು, ರಾತ್ರಿಯಿಡೀ ನಿಧಾನಕ್ಕೆ ತುಂಬಲಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಟರ್ಮಿನಲ್ ಬಿಚ್ಚಿ ಹೋಗಬಹುದು. ಹೊಸ ಕಾರುಗಳಲ್ಲಿ ಕೆಲವು ಸೆಟ್ಟಿಂಗ್ ಹೋಗುತ್ತವೆ, ಮ್ಯಾನ್ಯುಯಲ್ ಒಮ್ಮೆ ನೋಡಿಕೊಳ್ಳಿ.

ವಿಜಯದಶಮಿ ಬೆಳಿಗ್ಗೆ ನಮ್ಮ ಫೋನಿಗೆ ಬಿಡುವೇ ಇರುವುದಿಲ್ಲ. ಹಿಂದಿನ ದಿನ ಆಯುಧಪೂಜೆಗೆ ನಾಲ್ಕೂ ಡೋರ್ ತೆಗೆದು ಗಂಟೆಗಟ್ಟಲೆ ಅಲಂಕಾರ, ಲೈಟು, ಹಾಡು, ಫೋಟೋ. ಪೂಜೆ ಆದ ಮೇಲೆ ನಿಂಬೆಹಣ್ಣಿನ ಮೇಲೆ ಹತ್ತಡಿ ಮುಂದೆ ಬಿಟ್ಟು ಆಫ್. ಹೊಸ ಬ್ಯಾಟರಿ ಅದನ್ನು ತಡೆದುಕೊಳ್ಳುತ್ತದೆ, ಮೊದಲೇ ಅರೆಬರೆ ಇದ್ದದ್ದು ಕೈಕೊಡುತ್ತದೆ. ಹಾಗೆ ಕೈಕೊಟ್ಟ ತಕ್ಷಣ ಹೊಸದು ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಆಮೇಲೆ ಟೆಸ್ಟ್ ಮಾಡಿಸಿ. ಲೇಬಲ್ ಮೇಲೆ ಸಿಸಿಎ (ಚಳಿಯಲ್ಲೂ ಸ್ಟಾರ್ಟ್ ಮಾಡಲು ಬ್ಯಾಟರಿ ಕೊಡಬಲ್ಲ ಆಂಪಿಯರ್) 300 ಅಂತ ಇದ್ದು ಟೆಸ್ಟರ್ 180 ತೋರಿಸಿದರೆ ಅದರ ಕಾಲ ಮುಗಿಯಿತು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೂ ಅಷ್ಟೇ. ಫೋನಿನಲ್ಲಿ ಲಕ್ಷಣ ಕೇಳಿ ಹೇಳುವ ವಿಷಯ ಇದಲ್ಲ. ಎಷ್ಟೋ ಸಲ ಟರ್ಮಿನಲ್ ಸಡಿಲ ಇರುತ್ತದೆ ಅಥವಾ ಬಿಳಿ ಪುಡಿ ಕಟ್ಟಿರುತ್ತದೆ, ಬಿಸಿ ನೀರು ಹಾಕಿ ಉಜ್ಜಿ ಬಿಗಿ ಮಾಡಿದರೆ ಮುಗಿಯಿತು.

ಹೊಸ ಬ್ಯಾಟರಿಯೂ ಆರು ತಿಂಗಳಲ್ಲಿ ಮಲಗಿದರೆ ಬ್ಯಾಟರಿಯನ್ನು ಬೈಯಬೇಡಿ, ಕಾರು ನೋಡಿ. ಒಬ್ಬ ಹುಡುಗ ವಾರಂಟಿಯಲ್ಲಿ ಬದಲಾಯಿಸಿಕೊಂಡಿದ್ದೂ ಹೋಯಿತು ಅಂತ ಸಿಟ್ಟಿನಲ್ಲಿ ಬಂದ. ಲಾಕ್ ಮಾಡಿ ಅರ್ಧ ಗಂಟೆ ಕಾದು ಕ್ಲ್ಯಾಂಪ್ ಮೀಟರ್ ಹಾಕಿದೆ, 0.31 ಆಂಪ್. ಒಂದೊಂದೇ ಫ್ಯೂಸ್ ಕೀಳುತ್ತಾ ಬಂದೆ. ಒಂದು ಫ್ಯೂಸ್ ತೆಗೆದ ಕೂಡಲೇ ಮೀಟರ್ 0.03ಕ್ಕೆ ಇಳಿಯಿತು. ಹೊರಗೆ ಹಾಕಿಸಿದ ಡ್ಯಾಶ್‌ಕ್ಯಾಮ್, ಸದಾ ಕರೆಂಟ್ ಇರುವ ಲೈನಿಗೆ ಸೇರಿಸಿದ್ದರು. ದಿನಕ್ಕೆ ಏಳು ಆಂಪಿಯರ್ ಅವರ್ ಅದೊಂದೇ ತಿನ್ನುತ್ತಿತ್ತು.

ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೆ ಎರಡು ಸಲ ಟೆಸ್ಟ್ ಮಾಡಿಸಿ. ಬೆಳಿಗ್ಗೆ ಸೆಲ್ಫ್ ಎಳೆದಾಡುವುದು, ಗಡಿಯಾರ ರೀಸೆಟ್ ಆಗುವುದು, ಸ್ಟಾರ್ಟ್ ಮಾಡುವಾಗ ಸ್ಟೀರಿಂಗ್ ಎಚ್ಚರಿಕೆ ದೀಪ ಮಿನುಗುವುದು ಕಂಡರೆ ತಡ ಬೇಡ. ಬ್ಯಾಟರಿ ಉಬ್ಬಿದ್ದರೆ, ಕೊಳೆತ ಮೊಟ್ಟೆ ವಾಸನೆ ಬಂದರೆ ಟೆಸ್ಟ್ ಕೂಡ ಬೇಡ, ಬದಲಾಯಿಸಿ. ಆಟೋಮ್ಯಾಟಿಕ್ ಗೇರಿನ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗಲ್ಲ, ಹಾಗಾಗಿ ಅಂಥವರಿಗೆ ನಾಲ್ಕು ವರ್ಷದ ಬ್ಯಾಟರಿ ಇಟ್ಟುಕೊಂಡು ಘಾಟಿ ಇಳಿಯಬೇಡಿ ಅನ್ನುತ್ತೇನೆ. ವಾರಂಟಿಯ ತಿಂಗಳು ನೋಡಿ ಕಾಯುವವರೂ ಇದ್ದಾರೆ. ಅದರಲ್ಲಿ ಮೊದಲ ಭಾಗ ಮಾತ್ರ ಫ್ರೀ, ಉಳಿದದ್ದು ಪ್ರೊ ರೇಟಾ, ಅಂದರೆ ಎಂಆರ್‌ಪಿ ಮೇಲೆ ಸ್ವಲ್ಪ ರಿಯಾಯಿತಿ. ಅಂಗಡಿಯಲ್ಲಿ ಹೇಗೂ ಎಂಆರ್‌ಪಿಗಿಂತ ಕಡಿಮೆಗೇ ಸಿಗುತ್ತದೆ, ಆದ್ದರಿಂದ ಕೊನೆಯ ತಿಂಗಳುಗಳಲ್ಲಿ ಅದರಿಂದ ಹೆಚ್ಚೇನೂ ಉಳಿಯಲ್ಲ.

ಹೊಸದು ಕೊಳ್ಳುವಾಗ ಕೌಂಟರ್ ಮೇಲೇ ಮೀಟರ್ ಹಿಡಿಸಿ. 12.4ಕ್ಕಿಂತ ಕಡಿಮೆ ಇದ್ದರೆ ಬೇರೆ ಪೀಸ್ ಕೇಳಿ, ಅದು ಗೋಡೌನಿನಲ್ಲಿ ಕೊಳೆತಿರುತ್ತದೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಇಂಜಿನ್ ಇದ್ದರೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆದುಕೊಳ್ಳುವ ಬ್ಯಾಟರಿಯೇ ಬೇಕು, ದುಡ್ಡು ಉಳಿಸಲು ಮಾಮೂಲಿ ಹಾಕಿಸಬೇಡಿ. ಹಾಕುವವರು ಇಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಎತ್ತಿ "ಆಲ್ಟರ್ನೇಟರ್ ಚೆಕ್ ಮಾಡ್ತೀನಿ" ಅಂದರೆ ಕೈ ಹಿಡಿದು ನಿಲ್ಲಿಸಿ. ಆ ಹೊಡೆತಕ್ಕೆ ಇಂಜಿನ್ ಕಂಪ್ಯೂಟರ್ ಸುಟ್ಟು ಹೋಗಬಹುದು, ಅದರ ಬೆಲೆಗೆ ಹತ್ತು ಬ್ಯಾಟರಿ ಬರುತ್ತವೆ. ಮೀಟರ್ ಹಚ್ಚಿ 13.8ರಿಂದ 14.5ರ ಒಳಗೆ ಇದೆಯಾ ನೋಡಿದರೆ ಸಾಕು.