ಇದು ಯಾರ ಮಾತು? ಪ್ರಬಂಧದೊಳಗಿನ ಉಲ್ಲೇಖದ ಬಗ್ಗೆ ಕೆಲವು ಟಿಪ್ಪಣಿಗಳು

ನನ್ನ ಮೊದಲ ಸಂಶೋಧನ ಪ್ರಬಂಧದ ಕರಡು ಮಾರ್ಗದರ್ಶಕರಿಂದ ಮರಳಿ ಬಂದಾಗ ಅಂಚಿನಲ್ಲಿ ಒಂದೇ ಪ್ರಶ್ನೆ ಏಳೆಂಟು ಕಡೆ ಇತ್ತು: "ಇದು ಯಾರ ಮಾತು?" ಕೊನೆಯಲ್ಲಿ ಮೂವತ್ತು ಕೃತಿಗಳ ಆಕರಸೂಚಿಯನ್ನು ಅಚ್ಚುಕಟ್ಟಾಗಿ ಜೋಡಿಸಿದ್ದೆ. ಆದರೆ ಯಾವ ವಿಚಾರ ಯಾವ ಕೃತಿಯಿಂದ ಬಂತೆಂದು ಪುಟಗಳೊಳಗೆ ಎಲ್ಲೂ ತಿಳಿಯುತ್ತಿರಲಿಲ್ಲ. ಏನೇನು ಓದಿದ್ದೇನೆ ಎಂಬುದನ್ನು ಆಕರಸೂಚಿ ಹೇಳುತ್ತದೆ. ನನ್ನ ಮಾತು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂಬುದನ್ನು ಪಠ್ಯದೊಳಗಿನ ಉಲ್ಲೇಖ ಹೇಳಬೇಕು. ಹೊಲಕ್ಕೆ ಗಡಿಕಲ್ಲು ಇದ್ದ ಹಾಗೆ. ಮುಂದಿನ ಉದಾಹರಣೆಗಳಲ್ಲಿ ಲೇಖಕರನ್ನು ಕ, ಖ, ಗ ಎಂದೇ ಕರೆಯುತ್ತೇನೆ.

ಪದ್ಧತಿಗಳು

ಹೆಸರು ಮತ್ತು ವರ್ಷವನ್ನು ಆವರಣದಲ್ಲಿ ಕೊಡುವ ರೂಢಿಯನ್ನು ಸಾಮಾನ್ಯವಾಗಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಪ್ರಕಟಿಸಿದ ಪ್ರಬಂಧದವರೆಗೆ ಹಿಂದಕ್ಕೆ ಗುರುತಿಸುತ್ತಾರೆ. ಸಮಾಜವಿಜ್ಞಾನ, ಮನೋವಿಜ್ಞಾನ, ಶಿಕ್ಷಣಶಾಸ್ತ್ರಗಳಲ್ಲಿ ಬಳಕೆಯಲ್ಲಿರುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ ಇದೇ ಜಾತಿಯದು: (ಕ, 2015). ಸಾಹಿತ್ಯದವರು ಬಳಸುವ ಎಂಎಲ್‌ಎ ಶೈಲಿಯಲ್ಲಿ ವರ್ಷದ ಬದಲು ಪುಟಸಂಖ್ಯೆ ಬರುತ್ತದೆ, ನಡುವೆ ಅಲ್ಪವಿರಾಮವೂ ಇಲ್ಲ: (ಕ 42). ಇದು ಬರೀ ಅಲಂಕಾರದ ವ್ಯತ್ಯಾಸವಲ್ಲ. ಪ್ರಯೋಗದ ಫಲಿತಾಂಶ ಹಳೆಯದಾಗುತ್ತದೆ, ಆದ್ದರಿಂದ ಅಲ್ಲಿ ಓದುಗ ಮೊದಲು ಕೇಳುವುದು "ಯಾವಾಗ?" ಎಂದು. ಕವಿತೆಯ ಸಾಲು ಹಳೆಯದಾಗುವುದಿಲ್ಲ, ಅಲ್ಲಿನ ಪ್ರಶ್ನೆ "ಎಲ್ಲಿದೆ?" ಎಂಬುದು.

ಎಂಜಿನಿಯರಿಂಗ್‌ನ ಐಇಇಇ ಶೈಲಿಯಲ್ಲಿ ಚೌಕ ಆವರಣದೊಳಗೆ ಸಂಖ್ಯೆ ಮಾತ್ರ: [1], [2], ಪಠ್ಯದಲ್ಲಿ ಮೊದಲು ಬಂದ ಕ್ರಮದಲ್ಲಿ. ವೈದ್ಯಕೀಯದ ವ್ಯಾಂಕೂವರ್ ಶೈಲಿಯದೂ ಸಂಖ್ಯೆಯ ಲೆಕ್ಕವೇ. ಇತಿಹಾಸಕಾರರಿಗೆ ಅಡಿಟಿಪ್ಪಣಿ ಪ್ರಿಯ, ಏಕೆಂದರೆ ಪತ್ರಾಗಾರದ ಕಡತವೊಂದರ ಪೂರ್ತಿ ವಿಳಾಸ ಆವರಣದಲ್ಲಿ ಹಿಡಿಯುವುದಿಲ್ಲ. ಅವರಿಗೆ ಶಿಕಾಗೊ ಶೈಲಿ ಅನುಕೂಲ. ಯಾವುದನ್ನು ಬಳಸಬೇಕೆಂದು ವಿಭಾಗವೋ ಪತ್ರಿಕೆಯೋ ಹೇಳುತ್ತದೆ. ಹೇಳದಿದ್ದರೆ ಬರೆಯುವ ಮೊದಲೇ ಕೇಳಿಬಿಡಿ. ನೂರು ಪುಟವಾದ ಮೇಲೆ ಶೈಲಿ ಬದಲಾಯಿಸುವುದು ಯಾರಿಗೂ ಬೇಡ. ಇನ್ನು ಮುಂದಿನದೆಲ್ಲ ಎಪಿಎ ಹಿಡಿದು ಬರೆದದ್ದು.

ಹೆಸರುಗಳ ಲೆಕ್ಕ

ಇಬ್ಬರಿದ್ದರೆ ಪ್ರತಿ ಸಲವೂ ಇಬ್ಬರ ಹೆಸರು. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ ಮೊದಲ ಸಲದಿಂದಲೇ (ಕ ಮತ್ತು ಇತರರು, 2015). ಎಪಿಎ ಕೈಪಿಡಿಯ ಆರನೆಯ ಆವೃತ್ತಿ ಐವರವರೆಗಿನ ಹೆಸರನ್ನು ಮೊದಲ ಸಲ ಪೂರ್ತಿ ಬರೆಯಿಸುತ್ತಿತ್ತು; 2019ರಲ್ಲಿ ಬಂದ ಏಳನೆಯ ಆವೃತ್ತಿ ಅದನ್ನು ಕೈಬಿಟ್ಟಿತು. ಹಳೆಯ ಕೈಪಿಡಿ ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ. ಒಬ್ಬರದೇ ಎರಡು ಕೃತಿಗಳು ಒಂದೇ ವರ್ಷದವಾದರೆ 2015ಅ, 2015ಆ ಎಂದು ಬೇರ್ಪಡಿಸಿ, ಆಕರಸೂಚಿಯಲ್ಲೂ ಹಾಗೆಯೇ ಬರೆಯಿರಿ. ವರ್ಷವೇ ಸಿಗದಿದ್ದರೆ 'ದಿನಾಂಕವಿಲ್ಲ' ಎಂದು ಹಾಕಿ, ಊಹಿಸಬೇಡಿ.

ಕನ್ನಡ ವಾಕ್ಯದ ತೊಡಕು

ಇಂಗ್ಲಿಷ್ ಕೈಪಿಡಿಗಳು ಈ ತೊಡಕಿನ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ವಾಕ್ಯದಲ್ಲಿ 'ಎಂದು' ಬರುವುದು ಕೊನೆಗೆ. ಐದು ಸಾಲಿನ ವಿಚಾರ ಮುಗಿದ ಮೇಲೆ "ಎಂದು ಕ (2015) ವಾದಿಸುತ್ತಾರೆ" ಎಂದು ಬರೆದರೆ ಅಲ್ಲಿಯವರೆಗೂ ಓದುಗ ಅದನ್ನು ನಿಮ್ಮದೇ ಮಾತೆಂದು ನಂಬಿರುತ್ತಾನೆ. ಮಾರ್ಗದರ್ಶಕರ ಏಳೆಂಟು ಪ್ರಶ್ನೆಗಳಲ್ಲಿ ಮೂರು ಹೀಗೆ ಹುಟ್ಟಿದವು; ಉಲ್ಲೇಖ ಇತ್ತು, ಆದರೆ ತಡವಾಗಿ ಬಂದಿತ್ತು. ಚಿಕ್ಕ ವಾಕ್ಯಕ್ಕೆ ಕೊನೆಯ 'ಎಂದು' ಸಾಕು. ಉದ್ದದ್ದಕ್ಕೆ "ಕ ಅವರ (2015) ಪ್ರಕಾರ" ಎಂದು ಆರಂಭದಲ್ಲೇ ಒಪ್ಪಿಸಿಬಿಡುವುದು ಕ್ಷೇಮ.

ವಿಭಕ್ತಿಯದು ಇನ್ನೊಂದು ರಗಳೆ. "ಕ (2015)ರವರನ್ನು" ಎಂದು ಬರೆದವರನ್ನು ನೋಡಿದ್ದೇನೆ. ಪ್ರತ್ಯಯ ಆವರಣಕ್ಕೆ ಅಂಟಿ ಒದ್ದಾಡುತ್ತದೆ. ಹೆಸರು ಮತ್ತು ಪ್ರತ್ಯಯವನ್ನು ಮೊದಲು ಮುಗಿಸಿ ಆಮೇಲೆ ವರ್ಷ ಹಾಕುವುದು ನನಗೆ ಒಪ್ಪಿತ: "ಕ ಅವರನ್ನು (2015) ಖ (2018) ಒಪ್ಪುವುದಿಲ್ಲ."

ಕ್ರಿಯಾಪದದ ತೂಕವನ್ನೂ ನೋಡಿಕೊಳ್ಳಿ. ಹೇಳುತ್ತಾರೆ, ವಾದಿಸುತ್ತಾರೆ, ಸೂಚಿಸುತ್ತಾರೆ, ಸಾಬೀತುಪಡಿಸಿದ್ದಾರೆ: ನಾಲ್ಕೂ ಒಂದೇ ಅಲ್ಲ. ಲೇಖಕರು ಅಂಜುತ್ತಲೇ ಮುಂದಿಟ್ಟ ಊಹೆಗೆ 'ಸಾಬೀತುಪಡಿಸಿದ್ದಾರೆ' ಎಂಬ ಕಿರೀಟ ತೊಡಿಸಿದರೆ, ವರ್ಷ, ಪುಟ ಎಲ್ಲ ಸರಿಯಿದ್ದರೂ ಉಲ್ಲೇಖ ಸುಳ್ಳಾಗುತ್ತದೆ.

ನಮ್ಮ ಮಾತಿನಲ್ಲಿ ಹೇಳುವುದು

ಯಥಾವತ್ತಾಗಿ ಎತ್ತಿದ ಮಾತಿಗೆ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಬೇಕು: (ಕ, 2015, ಪು. 42). ಉದ್ಧರಣೆ ನಲವತ್ತು ಪದ ಅಥವಾ ಅದಕ್ಕಿಂತ ಉದ್ದವಾದರೆ ಚಿಹ್ನೆ ತೆಗೆದು, ಎಡಕ್ಕೆ ಜಾಗ ಬಿಟ್ಟು, ಪ್ರತ್ಯೇಕ ಖಂಡವಾಗಿ ಕೊಡಬೇಕು. ಇಷ್ಟು ಸುಲಭ. ಕಷ್ಟವಿರುವುದು ವಿಚಾರವನ್ನು ಸ್ವಂತ ಮಾತಿನಲ್ಲಿ ಹೇಳುವಾಗ.

ಮೂಲದಲ್ಲಿ ಹೀಗಿದೆ ಎಂದುಕೊಳ್ಳೋಣ: "ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಕಲಿಕೆಯನ್ನು ಗಟ್ಟಿಗೊಳಿಸುತ್ತದೆ." ನಾನು ಬರೆದಿದ್ದ ಜಾತಿಯ ವಾಕ್ಯ ಇದು: "ಪುನಃ ಪುನಃ ಪಠಿಸುವುದಕ್ಕಿಂತ ಗ್ರಂಥ ಮುಚ್ಚಿ ಸ್ಮರಿಸಿಕೊಳ್ಳುವುದು ಕಲಿಕೆಯನ್ನು ದೃಢಪಡಿಸುತ್ತದೆ (ಕ, 2015)." ಅಚ್ಚಗನ್ನಡ ಕಳಚಿ ಸಂಸ್ಕೃತ ತೊಡಿಸಿದ್ದೇನೆ, ಅಷ್ಟೇ, ವಾಕ್ಯದ ಎಲುಬುಗೂಡು ಕ ಅವರದೇ. ಆವರಣದಲ್ಲಿ ಹೆಸರಿದ್ದರೂ ಇದನ್ನು ಕೃತಿಚೌರ್ಯ ಎನ್ನುತ್ತಾರೆ, ಏಕೆಂದರೆ ವಿಚಾರ ಮಾತ್ರ ಅವರದು, ಮಾತು ನನ್ನದು ಎಂದು ಉಲ್ಲೇಖ ಸೂಚಿಸುತ್ತಿದೆ. ಈಗ ನಾನು ಮೂಲವನ್ನು ಮುಚ್ಚಿಟ್ಟು ಬರೆಯುತ್ತೇನೆ: "ಎಷ್ಟು ಸಲ ಓದಿದೆವು ಎಂಬುದು ಕ ಅವರಿಗೆ (2015) ಮುಖ್ಯವಲ್ಲ; ಓದಿದ್ದನ್ನು ನೆನಪಿನಿಂದ ಹೊರತೆಗೆಯುವ ಯತ್ನವೇ ಅವರ ದೃಷ್ಟಿಯಲ್ಲಿ ಕಲಿಕೆಗೆ ಹೆಚ್ಚಿನ ಬಲ." ಬರೆದ ಮೇಲೆ ಮೂಲ ತೆರೆದು ಅರ್ಥ ತಪ್ಪಿಲ್ಲವೆಂದು ಹೋಲಿಸುತ್ತೇನೆ.

ಇಂಗ್ಲಿಷಿನಿಂದ ನಾವೇ ಅನುವಾದಿಸಿದ ಸಾಲನ್ನು ಎಪಿಎ ನೇರ ಉದ್ಧರಣೆಯೆಂದು ಎಣಿಸುವುದಿಲ್ಲ, ಸ್ವಂತ ಮಾತಿನ ನಿರೂಪಣೆಯೆಂದೇ ಎಣಿಸುತ್ತದೆ. ಉದ್ಧರಣ ಚಿಹ್ನೆ ಬೇಡ, ಉಲ್ಲೇಖ ಬೇಕೇ ಬೇಕು. ಭಾಷೆ ಬದಲಾಯಿತೆಂದು ವಿಚಾರದ ಒಡೆತನ ಬದಲಾಗುವುದಿಲ್ಲ.

ಪ್ಯಾರಾ ಪೂರ್ತಿ ಬರೆದು ತುದಿಯಲ್ಲಿ ಒಂದೇ ಆವರಣ ಹಾಕುವುದೂ ಸಾಲದು. ಅದು ಕೊನೆಯ ವಾಕ್ಯದ್ದೋ, ಇಡೀ ಪ್ಯಾರಾದ್ದೋ ತಿಳಿಯುವುದಿಲ್ಲ. ಹಾಗೆಂದು ಪ್ರತಿ ಸಾಲಿಗೂ ಗಡಿಕಲ್ಲು ನೆಟ್ಟರೆ ಉಳುಮೆಗೆ ಜಾಗವಿರುವುದಿಲ್ಲ: ಮೊದಲ ವಾಕ್ಯದಲ್ಲಿ ಹೆಸರು, ವರ್ಷ ಕೊಟ್ಟು, ನಂತರ "ಅವರು", "ಅದೇ ಅಧ್ಯಯನ" ಎಂದು ಎಳೆ ಹಿಡಿದು, ಆಕರ ಬದಲಾದೊಡನೆ ಹೊಸ ಉಲ್ಲೇಖ ಹಾಕಿದರೆ ಆಯಿತು. ಎಲ್ಲರಿಗೂ ಗೊತ್ತಿರುವ ಸಂಗತಿಗೆ ಉಲ್ಲೇಖವೇ ಬೇಡ: ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎನ್ನಲು ಯಾರ ಹೆಸರೂ ಬೇಡ.

ಕಾಣದ ಮೂಲ

ಕ ಅವರ 1978ರ ಪುಸ್ತಕ ನಮಗೆ ಸಿಕ್ಕಿಲ್ಲ, ಖ 2012ರಲ್ಲಿ ಅದನ್ನು ಉಲ್ಲೇಖಿಸಿದ್ದನ್ನು ಓದಿದ್ದೇವೆ. ಆಗ (ಕ, 1978, ಖ, 2012ರಲ್ಲಿ ಉಲ್ಲೇಖಿತ) ಎಂದು ಬರೆದು, ಆಕರಸೂಚಿಯಲ್ಲಿ ಖ ಅವರನ್ನು ಮಾತ್ರ ಸೇರಿಸಬೇಕು. ಕ ಅವರನ್ನೇ ಓದಿದಂತೆ ನಟಿಸಿದರೆ, ಖ ತಪ್ಪಾಗಿ ನಕಲಿಸಿದ ಪುಟಸಂಖ್ಯೆ ನಿಮ್ಮ ಪ್ರಬಂಧದಲ್ಲೂ ಕುಳಿತು ಗುಟ್ಟು ರಟ್ಟು ಮಾಡುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕೊಡುವ ಆಕರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಇಲ್ಲದ ಲೇಖನಕ್ಕೆ ನಂಬುವಂಥ ಶೀರ್ಷಿಕೆ, ವರ್ಷ ಎಲ್ಲವನ್ನೂ ಅವು ಹೆಣೆದು ಕೊಡಬಲ್ಲವು. ತೆರೆದು ಓದದ ಲೇಖನವನ್ನು ನಾನು ಈಗ ಆವರಣಕ್ಕೆ ಸೇರಿಸುವುದಿಲ್ಲ.

ಖಾಸಗಿ ಪತ್ರ, ದೂರವಾಣಿ ಮಾತುಕತೆಗಳು ಪಠ್ಯದಲ್ಲಿ ಮಾತ್ರ ಬರುತ್ತವೆ, ಓದುಗ ಹುಡುಕಿ ತೆಗೆಯಲಾರದ ಕಾರಣ ಆಕರಸೂಚಿಗೆ ಹೋಗುವುದಿಲ್ಲ. ಉಳಿದಂತೆ ಪಠ್ಯದಲ್ಲಿರುವುದೆಲ್ಲ ಸೂಚಿಯಲ್ಲಿರಬೇಕು, ಸೂಚಿಯಲ್ಲಿರುವುದೆಲ್ಲ ಪಠ್ಯದಲ್ಲಿರಬೇಕು. ಆಕರಗಳನ್ನು ಜೋಡಿಸಿಡುವ ಜೊಟೆರೊದಂಥ ತಂತ್ರಾಂಶ ಇದನ್ನು ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ನಾನು ಎರಡನೆಯ ಕರಡಿನಲ್ಲಿ ಕಾಗದದ ಮೇಲೆ ಗೆರೆ ಎಳೆದು ಹೋಲಿಸಿದಾಗ ಸೂಚಿಯ ನಾಲ್ಕು ಕೃತಿಗಳಿಗೆ ಪಠ್ಯದಲ್ಲಿ ಜೋಡಿ ಸಿಗಲಿಲ್ಲ. ಮೂರನ್ನು ಅಳಿಸಿದೆ. ನಾಲ್ಕನೆಯದನ್ನು ಅಳಿಸುವ ಮೊದಲು ಯಾಕೋ ತೆರೆದು ನೋಡಿದೆ: ಎರಡನೆಯ ಅಧ್ಯಾಯದಲ್ಲಿ ನನ್ನದೇ ಎಂದುಕೊಂಡಿದ್ದ ವಾದ ಅದರ ಮುನ್ನುಡಿಯಲ್ಲಿತ್ತು.