ಪದ ಪರಿಚಯ: ಅಡ್ವೆಂಚರ್ ಗೇಮ್

ವಿಡಿಯೋ ಗೇಮ್ ಲೋಕದಲ್ಲಿ 'ಅಡ್ವೆಂಚರ್' ಅನ್ನುವಷ್ಟು ದಾರಿ ತಪ್ಪಿಸುವ ಪದ ಇನ್ನೊಂದಿಲ್ಲ. ನಿಘಂಟು ತೆಗೆದರೆ ಸಾಹಸ ಅಂತ ಇರುತ್ತದೆ. ಸಾಹಸ ಅಂದ ಮೇಲೆ ಓಟ, ಜಿಗಿತ, ಕತ್ತಿ, ಗುಂಡು ಎಲ್ಲ ಇರಬೇಕಲ್ವಾ? ಅಡ್ವೆಂಚರ್ ಗೇಮ್‌ನಲ್ಲಿ ಸಾಮಾನ್ಯವಾಗಿ ಇವು ಯಾವುದೂ ಇರುವುದಿಲ್ಲ. ಅಲ್ಲಿ ಬೆರಳಿನ ವೇಗಕ್ಕೆ ಬೆಲೆ ಇಲ್ಲ. ಹತ್ತು ನಿಮಿಷ ಸುಮ್ನೆ ಕೂತರೂ ಹೆಚ್ಚಿನ ಆಟಗಳಲ್ಲಿ ಯಾರೂ ಬಂದು ಹೊಡೆಯುವುದಿಲ್ಲ. ಒಂದು ಕಥೆ ಇರುತ್ತದೆ. ಕಥೆಯ ದಾರಿಗೆ ಅಡ್ಡವಾಗಿ ಒಗಟುಗಳಿರುತ್ತವೆ. ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳಲು ಒಂದು ಜೋಳಿಗೆ ಇರುತ್ತದೆ. ಸುತ್ತ ನೋಡಬೇಕು, ಎದುರಾದವರನ್ನು ಮಾತಾಡಿಸಬೇಕು, ಯಾವ ವಸ್ತು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ತಲೆ ಓಡಿಸಬೇಕು. ಇಷ್ಟೇ ಆಟ. ಇಷ್ಟಕ್ಕೇ ನಾನು ಮೂವತ್ತು ವರ್ಷದಿಂದ ಮರುಳಾಗಿದ್ದೇನೆ.

ಹಾಗಾದರೆ ಈ ಹೆಸರು ಬಂದಿದ್ದು ಎಲ್ಲಿಂದ? ಮೊದಲ ಆಟದ ಹೆಸರೇ 'ಅಡ್ವೆಂಚರ್'. 1975-76ರ ಸುಮಾರಿಗೆ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ ಅದನ್ನು ಬರೆದರು. ಅವರಿಗೆ ಗುಹೆಗಳ ಹುಚ್ಚು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯೊಳಗೆ ಇಳಿದು ನಕ್ಷೆ ತಯಾರಿಸಿದವರಲ್ಲಿ ಅವರೂ ಒಬ್ಬರು. ಆ ಗುಹೆಯನ್ನೇ ಮಾತುಗಳಲ್ಲಿ ಕಟ್ಟಿ, ತಮ್ಮ ಹೆಣ್ಣುಮಕ್ಕಳು ಆಡಲಿ ಅಂತ ಕಂಪ್ಯೂಟರ್‌ಗೆ ಹಾಕಿದರು. ಚಿತ್ರ ಒಂದೂ ಇಲ್ಲ. ನೀವು ಎಲ್ಲಿ ನಿಂತಿದ್ದೀರಿ, ಎದುರಿಗೆ ಏನಿದೆ ಅಂತ ಪರದೆಯ ಮೇಲೆ ಅಕ್ಷರ ಬರುತ್ತದೆ. ನೀವು 'ದೀಪ ಎತ್ತು', 'ಉತ್ತರಕ್ಕೆ ಹೋಗು' ಅನ್ನುವ ಧಾಟಿಯಲ್ಲಿ ಒಂದೆರಡು ಪದ ಟೈಪ್ ಮಾಡಬೇಕು. 1977ರಲ್ಲಿ ಡಾನ್ ವುಡ್ಸ್ ಎಂಬುವವರು ಕ್ರೌಥರ್ ಅವರ ಒಪ್ಪಿಗೆ ಪಡೆದು ಅದನ್ನು ಬೆಳೆಸಿದರು. ಆಗಿನ ಆ ಯಂತ್ರದಲ್ಲಿ ಫೈಲ್ ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರ ಹಿಡಿಯುತ್ತಿದ್ದವು. ಹಾಗಾಗಿ 'ಅಡ್ವೆಂಟ್' ಅಂತಲೂ ಅದಕ್ಕೆ ಹೆಸರಾಯಿತು. ಆಮೇಲೆ ಅದೇ ತರಹದ ಆಟ ಯಾರೇ ಮಾಡಿದರೂ ಅದು 'ಅಡ್ವೆಂಚರ್ ತರಹದ ಆಟ', ಕೊನೆಗೆ ಬರೀ 'ಅಡ್ವೆಂಚರ್ ಗೇಮ್'. ಯಾವ ಯಂತ್ರದಲ್ಲಿ ತೆಗೆದ ನಕಲಿಗೂ ನಾವು ಜೆರಾಕ್ಸ್ ಅನ್ನುತ್ತೇವಲ್ಲ, ಹಾಗೆ.

ಅಂದರೆ ಈ ಹೆಸರಿನಲ್ಲಿ ಸಾಹಸ ಅನ್ನುವ ಅರ್ಥ ಅಷ್ಟಾಗಿ ಇರಲೇ ಇಲ್ಲ. ಅದು ಒಂದು ಆಟದ ಅಂಕಿತನಾಮ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಕಾಲದಲ್ಲಿ ಜೋರಾಗಿದ್ದ ಈ ಜಾತಿಯ ಆಟಗಳಿಗೆ ಆಮೇಲೆ ಬೇಡಿಕೆ ಯಾಕೆ ಇಳಿಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಪ್ರಕಾರ ಇದು ಕ್ರಿಯಾಪದಗಳ ಕಥೆ. ಆಟಗಾರನ ಕೈಯಲ್ಲಿ ಎಷ್ಟು ಕ್ರಿಯಾಪದ ಇತ್ತು, ಹೇಗೆ ಒಂದೊಂದೇ ಕಳಚಿ ಹೋಯಿತು ಅಂತ ನೋಡುತ್ತಾ ಹೋದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಮೊದಲು ಟೈಪ್ ಮಾಡುವ ಕಾಲ. 1980ರಲ್ಲಿ ಮಾರಾಟಕ್ಕೆ ಬಂದ 'ಜೋರ್ಕ್' ಪೂರ್ತಿ ವಾಕ್ಯಗಳನ್ನೇ ಅರ್ಥ ಮಾಡಿಕೊಳ್ಳುತ್ತಿತ್ತು. ಎದುರಿಗೆ ಒಂದು ಬಾಗಿಲಿದೆ ಅಂದುಕೊಳ್ಳಿ. ತೆಗೆ, ತಟ್ಟು, ಒಡೆ, ಕಿವಿಯಿಟ್ಟು ಕೇಳು, ಏನು ಬೇಕಾದರೂ ಬರೆದು ನೋಡಬಹುದು. ಆಟಕ್ಕೆ ಅರ್ಥವಾಗದೇ ಹೋಗಬಹುದು, ಆದರೆ ಬರೆಯಬೇಡ ಅಂತ ಯಾರೂ ಹೇಳುವುದಿಲ್ಲ. ಇದರಲ್ಲೇ ತೊಂದರೆಯೂ ಇತ್ತು. ನೀವು 'ತಳ್ಳು' ಅಂತ ಬರೆದಿರುತ್ತೀರಿ, ಆಟಕ್ಕೆ ಗೊತ್ತಿರುವುದು 'ನೂಕು' ಮಾತ್ರ. ಉತ್ತರ ಹೊಳೆದಿದ್ದರೂ ಪದ ಸಿಗದೆ ಒದ್ದಾಡಬೇಕಿತ್ತು.

ಆಮೇಲೆ ಚಿತ್ರ ಬಂತು. ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರಲ್ಲಿ 'ಮಿಸ್ಟರಿ ಹೌಸ್' ಮಾಡಿದರು. 1984ರ 'ಕಿಂಗ್ಸ್ ಕ್ವೆಸ್ಟ್'ನಲ್ಲಿ ನಾಯಕ ಪರದೆಯ ಮೇಲೆ ನಡೆದಾಡತೊಡಗಿದ. ಆದರೂ ಟೈಪ್ ಮಾಡುವುದು ತಪ್ಪಿರಲಿಲ್ಲ. ಅದನ್ನು ತಪ್ಪಿಸಿದ ದೊಡ್ಡ ಹೆಜ್ಜೆ 1987ರ 'ಮೇನಿಯಾಕ್ ಮ್ಯಾನ್ಶನ್'. ರಾನ್ ಗಿಲ್ಬರ್ಟ್ ಮತ್ತು ಗೆಳೆಯರು ಪರದೆಯ ಕೆಳಗೆ 15 ಆಜ್ಞೆಗಳ ಪಟ್ಟಿ ಇಟ್ಟರು. ತೆರೆ, ಮುಚ್ಚು, ಎಳೆ, ತಳ್ಳು, ಕೊಡು, ಓದು, ಹೀಗೆ. ಪದದ ಮೇಲೆ ಕ್ಲಿಕ್ ಮಾಡಿ, ವಸ್ತುವಿನ ಮೇಲೆ ಕ್ಲಿಕ್ ಮಾಡಿದರೆ ವಾಕ್ಯ ತಾನೇ ಆಗುತ್ತದೆ. 'ಪಾಯಿಂಟ್ ಅಂಡ್ ಕ್ಲಿಕ್' ಅನ್ನುವ ಹೆಸರು ಇಂಥ ಆಟಗಳಿಗೇ ಅಂಟಿಕೊಂಡಿತು. ನನ್ನ ಕಣ್ಣಿಗೆ ಇದು ಸರಿಯಾದ ಅಳತೆ. ಪದ ಹುಡುಕುವ ಕಷ್ಟ ಹೋಯಿತು, ಯೋಚಿಸುವ ಕೆಲಸ ಉಳಿಯಿತು.

ಆ ಯೋಚನೆ ಎಂಥದು ಅಂತ ಒಂದು ಒಗಟಿನಲ್ಲಿ ತೋರಿಸುತ್ತೇನೆ. 1993ರ 'ಡೇ ಆಫ್ ದ ಟೆಂಟಕಲ್'ನಲ್ಲಿ ಒಂಬತ್ತು ಕ್ರಿಯಾಪದಗಳಿವೆ. ಮೂವರು ಗೆಳೆಯರು ಒಂದೇ ಮನೆಯಲ್ಲಿದ್ದಾರೆ, ಆದರೆ ಬೇರೆ ಬೇರೆ ಕಾಲದಲ್ಲಿ. ಒಬ್ಬ 200 ವರ್ಷ ಹಿಂದೆ, ಒಬ್ಬ ಈಗ, ಒಬ್ಬಳು 200 ವರ್ಷ ಮುಂದೆ. ಮುಂದಿನ ಕಾಲದಲ್ಲಿರುವ ಲಾವರ್ನ್ ಒಂದು ಮರಕ್ಕೆ ಸಿಕ್ಕಿಕೊಂಡು ನೇತಾಡುತ್ತಿದ್ದಾಳೆ. ಅವಳನ್ನು ಇಳಿಸಬೇಕು. ಹಿಂದಿನ ಕಾಲದಲ್ಲಿ ಅದೇ ಮರ ಇನ್ನೂ ಎಳೆಯದು, ಅದರಲ್ಲಿ ಕುಮ್‌ಕ್ವಾಟ್ ಹಣ್ಣು ಬಿಟ್ಟಿದೆ, ಕಿತ್ತಳೆಯ ಜಾತಿಯ ಪುಟ್ಟ ಹಣ್ಣು. ಅದೇ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ ಕೂಡ ಇದ್ದಾರೆ. ಹುಡುಗನಾಗಿದ್ದಾಗ ಚೆರ್ರಿ ಮರ ಕಡಿದು ಅಪ್ಪನ ಮುಂದೆ ಒಪ್ಪಿಕೊಂಡ ಅಂತ ಕಥೆ ಇರುವುದು ಅವರದೇ.

ನಾನು ಈ ಮರದ ಬುಡದಲ್ಲಿ ಮೂರು ದಿನ ಸಿಕ್ಕಿಬಿದ್ದಿದ್ದೆ. ಆಟ ಮುಚ್ಚಿಟ್ಟರೂ ತಲೆಯೊಳಗೆ ನಡೆಯುತ್ತಲೇ ಇತ್ತು. ಹಿಂದಿನ ಕಾಲದಲ್ಲಿ ಮರ ಕಡಿದರೆ ಮುಂದಿನ ಕಾಲದಲ್ಲಿ ಅದು ಇರುವುದಿಲ್ಲ, ಅಷ್ಟು ಗೊತ್ತಾಗಿತ್ತು. ಆದರೆ ಕಡಿಯುವವರು ಯಾರು? ವಾಷಿಂಗ್ಟನ್ ಕಡಿಯುವುದು ಚೆರ್ರಿ ಮರ ಮಾತ್ರ. ಮೂರನೆಯ ದಿನ ಹಲ್ಲುಜ್ಜುತ್ತಿದ್ದಾಗ ಹೊಳೆಯಿತು. ಜೋಳಿಗೆಯಲ್ಲಿ ಕೆಂಪು ಬಣ್ಣ ಇದೆ! ಹಣ್ಣಿಗೆ ಕೆಂಪು ಬಳಿದರೆ ಅದು ಚೆರ್ರಿಯ ಹಾಗೆ ಕಾಣುತ್ತದೆ. ಓಡಿ ಹೋಗಿ ಬಳಿದೆ. ವಾಷಿಂಗ್ಟನ್ ಬಂದರು, ಕೊಡಲಿ ಬೀಸಿದರು, 200 ವರ್ಷದ ಆಚೆ ಮರ ಮಾಯವಾಯಿತು, ಲಾವರ್ನ್ ದೊಪ್ಪೆಂದು ಕೆಳಗೆ ಬಿದ್ದಳು. ಆ ಖುಷಿಯನ್ನು ಬೇರೆ ಯಾವ ಜಾತಿಯ ಆಟವೂ ನನಗೆ ಕೊಟ್ಟಿಲ್ಲ. ಇಲ್ಲಿ ಒಗಟು ಬೇರೆ, ಕಥೆ ಬೇರೆ ಅಂತ ಇಲ್ಲ. ಒಗಟು ಬಿಡಿಸಿದ್ದೇ ಕಥೆ. ಸುಳಿವೆಲ್ಲ ಕಣ್ಣೆದುರೇ ಇತ್ತು, ನಾನು ಜೋಡಿಸಿರಲಿಲ್ಲ ಅಷ್ಟೇ.

ಕ್ರಿಯಾಪದಗಳು ಅಲ್ಲಿಗೇ ನಿಲ್ಲಲಿಲ್ಲ. 1990ರಲ್ಲೇ ಐದನೆಯ 'ಕಿಂಗ್ಸ್ ಕ್ವೆಸ್ಟ್' ಪದಗಳನ್ನು ತೆಗೆದು ಚಿತ್ರದ ಗುರುತುಗಳನ್ನು ಇಟ್ಟಿತ್ತು. ನೋಡಲು ಕಣ್ಣು, ಮುಟ್ಟಲು ಕೈ. 1993ರ 'ಮಿಸ್ಟ್'ನಲ್ಲಿ ಅದೂ ಹೋಯಿತು. ಬರೀ ಕ್ಲಿಕ್. ನೋಡಲು ಅದೆಷ್ಟು ಚೆಂದ! ಅದು 60 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಆದರೆ ಒಂದೇ ಕ್ಲಿಕ್ ಉಳಿದ ಮೇಲೆ ಯೋಚಿಸದೇ ಆಡುವ ದಾರಿಯೂ ತೆರೆದುಕೊಂಡಿತು. ಜೋಳಿಗೆಯಲ್ಲಿರುವ ಎಲ್ಲವನ್ನೂ ಪರದೆಯ ಮೇಲಿರುವ ಎಲ್ಲದಕ್ಕೂ ಉಜ್ಜುತ್ತಾ ಹೋದರೆ ಯಾವುದಾದರೊಂದು ಹತ್ತಿಕೊಳ್ಳುತ್ತದೆ. ಇದನ್ನು ತಡೆಯಬೇಕಾದರೆ ಒಗಟು ಬರೆಯುವವರು ಏನು ಮಾಡಬೇಕು? ಯಾರ ಊಹೆಗೂ ನಿಲುಕದ ಜೋಡಿಗಳನ್ನು ಇಡಬೇಕು. ಇಳಿಜಾರು ಶುರುವಾಗಿದ್ದು ಇಲ್ಲಿ ಅಂತ ನನ್ನ ಅನಿಸಿಕೆ.

ಇಂಥ ಜೋಡಿಗಳಿಗೆ ಎರಡು ಉದಾಹರಣೆ ಸಾಕು, ಮೊದಲನೆಯದು ಪದಗಳ ಪಟ್ಟಿ ಇನ್ನೂ ಇದ್ದ ಕಾಲದ್ದೇ. 1991ರ ಎರಡನೆಯ 'ಮಂಕಿ ಐಲ್ಯಾಂಡ್'ನಲ್ಲಿ ಪಿಯಾನೋ ನುಡಿಸುವ ಕೋತಿಯೊಂದಿದೆ. ಅದನ್ನು ಮಂಕು ಬಡಿಸಿ ಜೋಳಿಗೆಗೆ ಹಾಕಿಕೊಂಡು, ಬೇರೆ ದ್ವೀಪದ ಜಲಪಾತದ ಹತ್ತಿರ ಇರುವ ಪಂಪ್ ತಿರುಗಿಸಲು ಸ್ಪ್ಯಾನರ್ ಹಾಗೆ ಬಳಸಬೇಕು! ಯಾಕೆ ಅಂದರೆ ಅಮೆರಿಕದ ಇಂಗ್ಲಿಷಿನಲ್ಲಿ ಒಂದು ಬಗೆಯ ಸ್ಪ್ಯಾನರ್‌ಗೆ 'ಮಂಕಿ ರೆಂಚ್' ಅನ್ನುತ್ತಾರೆ. ಆ ಮಾತು ಗೊತ್ತಿಲ್ಲದವರಿಗೆ ವರ್ಷಗಟ್ಟಲೆ ಯೋಚಿಸಿದರೂ ಇದು ಹೊಳೆಯಲು ಸಾಧ್ಯವೇ ಇಲ್ಲ. ಇಷ್ಟಾದರೂ ಆ ಆಟ ನನಗೆ ತುಂಬಾ ಇಷ್ಟ.

ಇನ್ನೊಂದು 1999ರ ಮೂರನೆಯ 'ಗೇಬ್ರಿಯಲ್ ನೈಟ್'. ನಾಯಕನಿಗೆ ಬಾಡಿಗೆ ಬೈಕ್ ಬೇಕು. ಅದಕ್ಕೆ ಗೆಳೆಯನ ವೇಷ ಹಾಕಬೇಕು. ಟೇಪ್ ಅಂಟಿಸಿ ಬೆಕ್ಕಿನ ಕೂದಲು ಹಿಡಿಯಬೇಕು, ಸಿಹಿ ಪಾಕದಿಂದ ಅದನ್ನು ಮೂಗಿನ ಕೆಳಗೆ ಮೀಸೆಯ ಹಾಗೆ ಅಂಟಿಸಿಕೊಳ್ಳಬೇಕು. ಆದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಅದಕ್ಕೆ ಅವನ ಪಾಸ್‌ಪೋರ್ಟ್ ಫೋಟೋದ ಮೇಲೂ ಮೀಸೆ ಬರೆಯಬೇಕು. ಅಡ್ವೆಂಚರ್ ಗೇಮ್‌ಗಳು ಯಾಕೆ ಸತ್ತವು ಅಂತ ಚರ್ಚೆ ಬಂದಾಗಲೆಲ್ಲ ಈ ಮೀಸೆಯ ಮಾತು ಬಂದೇ ಬರುತ್ತದೆ. ಕುಮ್‌ಕ್ವಾಟ್ ಮರದ ಪಕ್ಕ ಇದನ್ನು ಇಟ್ಟು ನೋಡಿ. ಅಲ್ಲಿ ಉತ್ತರ ಕೇಳಿದರೆ 'ಅಯ್ಯೋ, ಹೌದಲ್ಲ!' ಅನ್ನುತ್ತೀರಿ. ಇಲ್ಲಿ 'ಇದು ಹೇಗೆ ಗೊತ್ತಾಗಬೇಕಿತ್ತು?' ಅನ್ನುತ್ತೀರಿ.

ಈ ತಪ್ಪುಗಳು ಆಗಲೇ ಗೊತ್ತಿದ್ದವು ಅನ್ನುವುದು ನನಗೆ ಜಾಸ್ತಿ ನೋವು ಕೊಡುವ ಸಂಗತಿ. ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದು ಅಡ್ವೆಂಚರ್ ಗೇಮ್‌ಗಳಲ್ಲಿ ಏನೇನು ಕೆಟ್ಟದಾಗಿದೆ ಅಂತ ಬಿಡಿಸಿ ಹೇಳಿದ್ದರು. ಹಗ್ಗ ಸಿಗುವ ಮೊದಲೇ ಇಳಿಯಬೇಕಾದ ಕಂದಕ ಆಟಗಾರನ ಕಣ್ಣಿಗೆ ಬೀಳಬೇಕು ಅನ್ನುವುದು ಅದರಲ್ಲಿದ್ದ ಒಂದು ಮಾತು. ಮೊದಲು ಕಷ್ಟ, ಆಮೇಲೆ ಅದರ ಪರಿಹಾರ. ಎಷ್ಟು ಸಣ್ಣ ಮಾತು, ಎಷ್ಟು ಆಟಗಳು ಇದನ್ನು ಮರೆತವು!

ಹೊರಗಿನ ಕಾರಣಗಳೂ ಇದ್ದವು. 1993ರ ಡಿಸೆಂಬರ್‌ನಲ್ಲಿ 'ಡೂಮ್' ಬಂತು, ಗುಂಡಿನ ಆಟಗಳಿಗೆ ಜನ ಮುಗಿಬಿದ್ದರು. ಅಡ್ವೆಂಚರ್ ಗೇಮ್‌ಗಳ ಖರ್ಚು ಏರುತ್ತಾ ಹೋಯಿತು. 1995ರ 'ಫ್ಯಾಂಟಾಸ್ಮಗೋರಿಯಾ' ನಿಜವಾದ ನಟರ ವಿಡಿಯೋ ತುಂಬಿಕೊಂಡು ಏಳು ಸಿಡಿಗಳಲ್ಲಿ ಬಂತು. 1998ರಲ್ಲಿ 'ಗ್ರಿಮ್ ಫಂಡಾಂಗೋ'ವನ್ನು ವಿಮರ್ಶಕರು ಬಾಯ್ತುಂಬ ಹೊಗಳಿದರು, ಮಾರಾಟ ಮಾತ್ರ ಕೈಕೊಟ್ಟಿತು. ಅದೇ ವರ್ಷ 'ಹಾಫ್-ಲೈಫ್' ಗುಂಡು ಹಾರಿಸುವ ಆಟದಲ್ಲೂ ಕಥೆ ಹೇಳಬಹುದು ಅಂತ ತೋರಿಸಿತು. ಅದನ್ನು ಪ್ರಕಟಿಸಿದ್ದು 'ಕಿಂಗ್ಸ್ ಕ್ವೆಸ್ಟ್' ಕೊಟ್ಟ ಸಿಯೆರಾ ಸಂಸ್ಥೆಯೇ. ಮರುವರ್ಷ ಸಿಯೆರಾದ ಹಳೆಯ ಓಕ್‌ಹರ್ಸ್ಟ್ ಸ್ಟುಡಿಯೋ ಬಾಗಿಲು ಹಾಕಿತು. 'ಮಂಕಿ ಐಲ್ಯಾಂಡ್' ಕೊಟ್ಟ ಲೂಕಸ್‌ಆರ್ಟ್ಸ್ 2000ದ ನಂತರ ಹೊಸ ಅಡ್ವೆಂಚರ್ ಗೇಮ್ ತರಲಿಲ್ಲ. 2004ರಲ್ಲಿ 'ಸ್ಯಾಮ್ ಅಂಡ್ ಮ್ಯಾಕ್ಸ್' ಮುಂದಿನ ಭಾಗವನ್ನೂ ನಡುವಿನಲ್ಲೇ ಕೈಬಿಟ್ಟಿತು.

ಇಷ್ಟರಲ್ಲಿ ಹೆಸರೂ ಕೈತಪ್ಪಿತ್ತು. ಓಡುವ, ಹತ್ತುವ, ಗುಂಡು ಹಾರಿಸುವ ಆಟಗಳಿಗೆ 'ಆಕ್ಷನ್-ಅಡ್ವೆಂಚರ್' ಅನ್ನುವ ಪಟ್ಟಿ ಅಂಟಿತು. ಬರಬರುತ್ತಾ ಅಡ್ವೆಂಚರ್ ಅಂದರೆ ಅದೇ ಅಂತಾಯಿತು. ಅಂಕಿತನಾಮವಾಗಿದ್ದ ಪದ ಮತ್ತೆ ನಿಘಂಟಿನ ಅರ್ಥಕ್ಕೇ ಮರಳಿತು. ಇವತ್ತು ಗೇಮ್ ಮಾರುವ ಯಾವ ತಾಣದಲ್ಲಾದರೂ 'ಅಡ್ವೆಂಚರ್' ಅಂತ ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ನಮಗೆ ಬೇಕಾದದ್ದು ಆ ರಾಶಿಯ ಅಡಿಯಲ್ಲೆಲ್ಲೋ ಇರುತ್ತದೆ. ಹೊಸಬರು ಕೇಳಿದರೆ ನಾನು 'ಪಾಯಿಂಟ್ ಅಂಡ್ ಕ್ಲಿಕ್' ಅಂತ ಹುಡುಕಿ ಅನ್ನುತ್ತೇನೆ.

ಪೂರ್ತಿ ಸತ್ತೇ ಹೋಯಿತು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಹಳೆಯ ಆಟಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಆಡಿಸುವ 'ಸ್ಕಮ್‌ವಿಎಂ' ಅನ್ನು ಅಭಿಮಾನಿಗಳು 2001ರಿಂದ ಕಾಪಾಡಿಕೊಂಡು ಬಂದಿದ್ದಾರೆ. 2012ರಲ್ಲಿ 'ಗ್ರಿಮ್ ಫಂಡಾಂಗೋ' ರೂಪಿಸಿದ ಟಿಮ್ ಶೇಫರ್ ಅವರ ತಂಡ ಹೊಸ ಅಡ್ವೆಂಚರ್ ಗೇಮ್ ಮಾಡಲು ಜನರ ಹತ್ತಿರ 4 ಲಕ್ಷ ಡಾಲರ್ ಕೇಳಿತು. ಬಂದದ್ದು 33 ಲಕ್ಷಕ್ಕೂ ಜಾಸ್ತಿ, ಕೊಟ್ಟವರು ಸುಮಾರು 87,000 ಜನ. 2017ರ 'ಥಿಂಬಲ್‌ವೀಡ್ ಪಾರ್ಕ್'ನಲ್ಲಿ ಗಿಲ್ಬರ್ಟ್ ಆ ಕ್ರಿಯಾಪದಗಳ ಪಟ್ಟಿಯನ್ನು ಪರದೆಯ ಕೆಳಗೆ ಮತ್ತೆ ತಂದಿಟ್ಟರು. ಅದನ್ನು ನೋಡಿದ ದಿನ ನನ್ನ ಕಣ್ಣು ಒದ್ದೆಯಾಗಿತ್ತು.

ಆದರೆ ಒಂದಾಗಿದ್ದ ಕಥೆ ಮತ್ತು ಒಗಟು ಬಹುಪಾಲು ಬೇರೆ ಬೇರೆ ಮನೆ ಮಾಡಿಕೊಂಡಿವೆ. 2012ರ 'ವಾಕಿಂಗ್ ಡೆಡ್' ಆಟದಲ್ಲಿ ಕಥೆ ಎದೆ ಹಿಂಡುತ್ತದೆ, ತಲೆಗೆ ಕೆಲಸ ಕಮ್ಮಿ. ಬರೀ ನಡೆದಾಡುತ್ತಾ ಕಥೆ ಕೇಳುವ ಆಟಗಳೂ ಬಂದಿವೆ, ಅಲ್ಲಿ ಉಳಿದಿರುವ ಕ್ರಿಯಾಪದ 'ನಡೆ' ಒಂದೇ. ಇವು ಕೆಟ್ಟ ಆಟಗಳು ಅಂತ ಅಲ್ಲ. ನಾನು ಹುಡುಕುವುದು ಅಲ್ಲಿಲ್ಲ, ಅಷ್ಟೇ.

ಅದು ನನಗೆ ಮತ್ತೆ ಸಿಕ್ಕಿದ್ದು 2019ರ 'ಔಟರ್ ವೈಲ್ಡ್ಸ್'ನಲ್ಲಿ. ಪುಟ್ಟ ಸೌರಮಂಡಲವೊಂದರಲ್ಲಿ ನೀವು ನೌಕೆ ಓಡಿಸುತ್ತೀರಿ. ಇಪ್ಪತ್ತೆರಡು ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಎಲ್ಲ ಮೊದಲಿನಿಂದ ಶುರು. ವಸ್ತು ತುಂಬಿಕೊಳ್ಳುವ ಜೋಳಿಗೆಯೇ ಇಲ್ಲ, ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟುವುದು ನೀವು ತಿಳಿದುಕೊಂಡದ್ದು ಮಾತ್ರ. ಕೊನೆಗೆ ತಲುಪಲು ಬೇಕಾದ ದಾರಿ ಮೊದಲ ಸುತ್ತಿನಲ್ಲೂ ತೆರೆದೇ ಇರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಕುಮ್‌ಕ್ವಾಟ್ ಮರದ ಹತ್ತಿರ ಕಂಡ ಅದೇ ಖುಷಿ ಅಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಯಾರನ್ನೂ ಹೊಡೆಯುವುದು ಅದರಲ್ಲಿಲ್ಲ, ಆದರೂ ಹಲವರು ಅದನ್ನು 'ಆಕ್ಷನ್-ಅಡ್ವೆಂಚರ್' ಪಟ್ಟಿಗೆ ಸೇರಿಸುತ್ತಾರೆ. ನಾನು ಕೇಳಿದವರಿಗೆಲ್ಲ ಅದು ಅಡ್ವೆಂಚರ್ ಗೇಮ್ ಅಂತಲೇ ಹೇಳುತ್ತೇನೆ.